ಮನೆಯಂಗಳದ ಮುದಿ ಟ್ರಕ್ಕು

ಮುಂದೆ ಮೂವರು ಒತ್ತಿಕೊಂಡು ಕೂರಬಹುದಾದ ಒಂದು ಗೂಡು. ಹಿಂದೆ ಸೂರಿಲ್ಲದ ಒಂದು ತೊಟ್ಟಿ. ಅಮೆರಿಕನ್ನರು ಪಿಕಪ್ ಟ್ರಕ್ ಎಂದು ಕರೆಯುವ ವಾಹನದ ಸ್ವರೂಪ ಇಷ್ಟೇ. ಹುಲ್ಲು, ಗೊಬ್ಬರ, ಇಟ್ಟಿಗೆ, ಕರು, ಮನೆ ಬದಲಾಯಿಸುವಾಗಿನ ಮಂಚ, ಯಾವುದನ್ನು ಬೇಕಾದರೂ ತೊಟ್ಟಿಯಲ್ಲಿ ಹೇರಿಕೊಂಡು, ಹೆಂಡತಿ ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೋಗಿಬರಬಹುದಾದ ಬಂಡಿ. ನಮ್ಮ ಹಳ್ಳಿಗಳಲ್ಲಿ ಎತ್ತಿನ ಗಾಡಿಗೆ ಇದ್ದ ಸ್ಥಾನ ಆ ದೇಶದ ಒಕ್ಕಲುತನದಲ್ಲಿ ಇದಕ್ಕೆ ದೊರಕಿತು.

ಈ ವಾಹನ ಹುಟ್ಟಿದ್ದು ಕಾರ್ಖಾನೆಯಲ್ಲಿ ಅಲ್ಲ, ಮನೆಯಂಗಳದಲ್ಲಿ ಎಂದರೆ ಆಶ್ಚರ್ಯವಾದೀತು. ಮೋಟಾರುಗಾಡಿಗಳು ಬಂದ ಹೊಸತರಲ್ಲಿ ರೈತರು ತಮ್ಮ ಕಾರಿನ ಹಿಂಭಾಗವನ್ನು ಕತ್ತರಿಸಿ ತೆಗೆದು, ಊರ ಬಡಗಿಯಿಂದ ಮರದ ಪೆಟ್ಟಿಗೆ ಮಾಡಿಸಿ ಜೋಡಿಸಿಕೊಳ್ಳುತ್ತಿದ್ದರು. ಇದನ್ನು ಕಂಡ ಫೋರ್ಡ್ ಕಂಪನಿಯು 1925ರಲ್ಲಿ ತನ್ನ ಮಾಡೆಲ್ ಟಿ ಕಾರಿನ ಬೆನ್ನಿಗೆ ಉಕ್ಕಿನ ತೊಟ್ಟಿಯೊಂದನ್ನು ತಾನೇ ಜೋಡಿಸಿ 281 ಡಾಲರಿಗೆ ಮಾರತೊಡಗಿತು. ಎರಡನೆಯ ಮಹಾಯುದ್ಧ ಮುಗಿದ ಮೇಲೆ, 1947ರ ಬೇಸಿಗೆಯಲ್ಲಿ ಷೆವರ್ಲೆ, 1948ರಲ್ಲಿ ಫೋರ್ಡ್, ಹೊಚ್ಚ ಹೊಸ ಮಾದರಿಗಳನ್ನು ಹೊರತಂದವು. ಷೆವರ್ಲೆ ಎಂಬ ಹೆಸರು ನಮ್ಮ ಹಿರಿಯರಿಗೂ ಹೊಸದಲ್ಲ: ಅದರ ಒಡೆಯರಾದ ಜನರಲ್ ಮೋಟಾರ್ಸ್‌ನವರು 1928ರಿಂದ 1954ರವರೆಗೆ ಮುಂಬಯಿಯ ಶಿವಡಿಯಲ್ಲಿ ಕಾರ್ಖಾನೆ ಇಟ್ಟು ಕಾರು ಲಾರಿಗಳನ್ನು ಜೋಡಿಸುತ್ತಿದ್ದರು.

ಆ ಯುದ್ಧಾನಂತರದ ಟ್ರಕ್ಕುಗಳಿಗೆ ಈಗ ಎಪ್ಪತ್ತು ದಾಟಿದೆ. ಆದರೂ ಅಮೆರಿಕದಲ್ಲಿ ಸಾವಿರಾರು ಮಂದಿ ಅವನ್ನು ಓಡಿಸುತ್ತಿದ್ದಾರೆ. ಅದಕ್ಕಿಂತ ಹೆಚ್ಚಾಗಿ, ತಮ್ಮ ಮನೆಯ ಷೆಡ್ಡಿನಲ್ಲಿ ತಾವೇ ಬಿಚ್ಚಿ ತಾವೇ ಜೋಡಿಸುತ್ತಿದ್ದಾರೆ. ಅವರಲ್ಲಿ ಮೆಕ್ಯಾನಿಕ್ ವೃತ್ತಿಯವರು ಕಡಿಮೆ. ಉಪಾಧ್ಯಾಯರು, ಗುಮಾಸ್ತರು, ದಾದಿಯರು, ನಿವೃತ್ತರು, ತಾತ ಬಿಟ್ಟುಹೋದ ಗಾಡಿಯನ್ನು ಮಾರಲು ಮನಸ್ಸು ಬಾರದ ಮೊಮ್ಮಕ್ಕಳು. ಇದು ಹೇಗೆ ಸಾಧ್ಯ?

ಸವೆತವನ್ನು ಒಪ್ಪಿಕೊಂಡ ಯಂತ್ರ

ಬಾನೆಟ್ಟನ್ನು ಎತ್ತಿ ನೋಡಿದರೆ ಅರ್ಧ ಉತ್ತರ ಅಲ್ಲಿಯೇ ಇದೆ. ಇಂದಿನ ಕಾರಿನ ಬಾನೆಟ್ಟಿನ ಕೆಳಗೆ ಕೈಬೆರಳು ತೂರಿಸಲೂ ಜಾಗವಿಲ್ಲ. ಎಲ್ಲವೂ ಪ್ಲಾಸ್ಟಿಕ್ಕಿನ ಮುಚ್ಚಳದಡಿ ಅಡಗಿರುತ್ತದೆ. ಹಳೆಯ ಷೆವರ್ಲೆ ಟ್ರಕ್ಕಿನಲ್ಲಿ ಆರು ಸಿಲಿಂಡರುಗಳು ಒಂದೇ ಸಾಲಿನಲ್ಲಿ ನಿಂತಿವೆ. ಇಂಜಿನ್ನಿನ ಎರಡೂ ಪಕ್ಕದಲ್ಲಿ ಕೆಳಗಿನ ನೆಲ ಕಾಣಿಸುತ್ತದೆ. ಕಾರ್ಬ್ಯುರೇಟರು, ಡೈನಮೊ, ಡಿಸ್ಟ್ರಿಬ್ಯೂಟರು, ನೀರಿನ ಪಂಪು, ಎಲ್ಲವೂ ಎದುರಿಗೇ ಇವೆ. ಹತ್ತು ಹನ್ನೆರಡು ಸ್ಪ್ಯಾನರುಗಳು, ಎರಡು ಸ್ಕ್ರೂಡ್ರೈವರುಗಳು, ಒಂದು ಫೀಲರ್ ಗೇಜು, ಗ್ರೀಸ್ ಗನ್ನು, ಇವಿಷ್ಟರಿಂದ ಬಹುಪಾಲು ಕೆಲಸ ನಡೆಯುತ್ತದೆ.

ಇನ್ನರ್ಧ ಉತ್ತರ ಕಣ್ಣಿಗೆ ಕಾಣಿಸುವುದಿಲ್ಲ. 1953ರವರೆಗೆ ಈ ಟ್ರಕ್ಕುಗಳಲ್ಲಿದ್ದ 216 ಘನ ಅಂಗುಲದ, ಅಂದರೆ ಸುಮಾರು ಮೂರೂವರೆ ಲೀಟರಿನ ಇಂಜಿನ್ನನ್ನೇ ತೆಗೆದುಕೊಳ್ಳಿ. ಪಿಸ್ಟನ್ನಿನ ಕೋಲು ಕ್ರ್ಯಾಂಕಿಗೆ ಸೇರುವ ಕಡೆ ಬೇರಿಂಗಾಗಿ ಬಿಳಿಲೋಹವನ್ನು ಕರಗಿಸಿ ಹೊಯ್ದಿರುತ್ತಾರೆ. ಪಾತ್ರೆಗೆ ಕಲಾಯಿ ಹಾಕುವ ತವರವೇ ಈ ಲೋಹದ ಮುಖ್ಯಾಂಶ. ಮೆತ್ತಗಿರುವುದೇ ಅದರ ಗುಣ. ಕೋಲಿನ ಬುಡದಲ್ಲಿ ಒಂದು ಪುಟ್ಟ ಸೌಟು. ಪ್ರತಿ ಸುತ್ತಿಗೂ ಆ ಸೌಟು ಕೆಳಗಿನ ಎಣ್ಣೆಯನ್ನು ಮೊಗೆದು ಬೇರಿಂಗಿಗೆ ಉಣಿಸುತ್ತದೆ. ಬಿಳಿಲೋಹ ಸವೆಯುತ್ತದೆ, ಸವೆದಾಗ ಇಂಜಿನ್ನು ಬಡಿದುಕೊಳ್ಳತೊಡಗುತ್ತದೆ. ತಯಾರಿಸಿದವರಿಗೆ ಅದು ಮೊದಲೇ ಗೊತ್ತಿತ್ತು. ಆದುದರಿಂದ ಬೇರಿಂಗಿನ ಎರಡು ಹೋಳುಗಳ ನಡುವೆ ಕಾಗದದಷ್ಟು ತೆಳುವಾದ ಲೋಹದ ಹಾಳೆಗಳನ್ನು ಇಟ್ಟುಕಳಿಸಿದರು. ಸವೆದಾಗ ಎಣ್ಣೆಯ ತೊಟ್ಟಿಯನ್ನು ಇಳಿಸಿ, ಎರಡೂ ಪಕ್ಕದಿಂದ ಸಮನಾಗಿ ಒಂದೊಂದು ಹಾಳೆ ತೆಗೆದು, ಮತ್ತೆ ಬಿಗಿದರೆ ಬಡಿತ ನಿಂತಿತು.

ಆರರಲ್ಲಿ ಯಾವುದು ಬಡಿಯುತ್ತಿದೆ ಎಂದು ತಿಳಿಯುವ ಉಪಾಯವೂ ಸರಳವೇ. ಇಂಜಿನ್ನು ಓಡುತ್ತಿರುವಾಗ ಒಂದೊಂದಾಗಿ ಸ್ಪಾರ್ಕ್ ಪ್ಲಗ್ಗಿನ ಕಿಡಿಯನ್ನು ತಡೆಯುತ್ತ ಬರುವುದು. ಯಾವ ಸಿಲಿಂಡರಿನ ಕಿಡಿ ನಿಂತಾಗ ಸದ್ದು ಅಡಗುತ್ತದೆಯೋ ಅದೇ ಅಪರಾಧಿ. ಹಿಡಿಯಲ್ಲಿ ರಬ್ಬರಿರುವ ಇಕ್ಕಳವಿಲ್ಲದೆ ಈ ಕೆಲಸಕ್ಕೆ ಕೈಹಾಕಿದವರಿಗೆ ಮೊಳಕೈವರೆಗೆ ಏಟು ಬೀಳುವುದೂ ಉಂಟು.

ರುಬ್ಬುವ ಕಲ್ಲು ಸವೆದರೆ ಕಲ್ಲುಕುಟಿಗನಿಂದ ಮತ್ತೆ ಕುಟ್ಟಿಸಿಕೊಳ್ಳುತ್ತಿದ್ದ ಕಾಲವನ್ನು ಬಲ್ಲ ನಮ್ಮ ಗೃಹಿಣಿಯರಿಗೆ ಈ ತತ್ತ್ವವನ್ನು ವಿವರಿಸಬೇಕಾಗಿಲ್ಲ. ಕೆಟ್ಟದ್ದನ್ನು ಬಿಸಾಡಿ ಹೊಸದನ್ನು ತರುವುದು ಒಂದು ಕ್ರಮ. ಸವೆಯುವಷ್ಟನ್ನು ಲೆಕ್ಕಕ್ಕೆ ಇಟ್ಟುಕೊಂಡೇ ಕಟ್ಟುವುದು ಇನ್ನೊಂದು ಕ್ರಮ. ಹಳೆಯ ಪಿಕಪ್ಪು ಎರಡನೆಯದಕ್ಕೆ ಸೇರಿದ್ದು.

ಆದರೆ ಈ ಇಂಜಿನ್ನಿಗೆ ತನ್ನದೇ ಆದ ಮಿತಿಯಿದೆ. ಅರ್ಧ ಟನ್ನಿನ ಷೆವರ್ಲೆ ಟ್ರಕ್ಕಿನಲ್ಲಿ ಹಿಂದಿನ ಚಕ್ರ ಒಂದು ಸುತ್ತು ಬರಲು ಇಂಜಿನ್ನಿನಿಂದ ಬರುವ ದಂಡ ನಾಲ್ಕು ಸುತ್ತಿಗಿಂತ ಹೆಚ್ಚು ತಿರುಗಬೇಕು. ಹೊಲದಿಂದ ಪೇಟೆಗೆ ಹೊರೆ ಎಳೆಯಲು ಅದು ತಕ್ಕದ್ದೇ. ಆದರೆ ಅಮೆರಿಕದ ಅಂತರರಾಜ್ಯ ಹೆದ್ದಾರಿಗಳ ಶಾಸನವಾದದ್ದು 1956ರಲ್ಲಿ. ಈ ಟ್ರಕ್ಕುಗಳು ಅದಕ್ಕೂ ಹಿಂದಿನವು. ಇಂದಿನ ಹೆದ್ದಾರಿಯ ವೇಗಕ್ಕೆ ಗಂಟೆಗಟ್ಟಲೆ ಅಟ್ಟಿದರೆ ಆ ಪುಟ್ಟ ಸೌಟು ಮೊಗೆಯುವ ಎಣ್ಣೆ ಸಾಲದೆ ಬಿಳಿಲೋಹ ಕರಗಿಹೋಗುತ್ತದೆ. ಮುದುಕರನ್ನು ಓಟದ ಪಂದ್ಯಕ್ಕೆ ಇಳಿಸಬಾರದು.

ಮೊದಲು ಬ್ರೇಕು, ಆಮೇಲೆ ಬಣ್ಣ

ಹಳೆಯ ಟ್ರಕ್ಕನ್ನು ಕೊಂಡು ತಂದವರಲ್ಲಿ ಅನೇಕರು ಮೊದಲು ಮಾಡುವ ಕೆಲಸ ಇಂಜಿನ್ನನ್ನು ಉಬ್ಬಿಸುವುದು ಮತ್ತು ಬಣ್ಣ ಬಳಿಯುವುದು. ಓಡುವುದನ್ನು ನೋಡುವ ಆಸೆ ಸಹಜ. ಆದರೆ ಓಡುವ ಗಾಡಿಗೆ ನಿಲ್ಲಲೂ ಬರಬೇಕಷ್ಟೆ.

ಈ ಟ್ರಕ್ಕುಗಳ ಬ್ರೇಕಿನ ವ್ಯವಸ್ಥೆಯನ್ನು ಅರ್ಥ ಮಾಡಿಕೊಂಡವರಿಗೆ ಮೈ ಜುಮ್ಮೆನ್ನದೆ ಇರದು. ಕಾಲಿನಿಂದ ಒತ್ತಿದಾಗ ಮಾಸ್ಟರ್ ಸಿಲಿಂಡರಿನಲ್ಲಿರುವ ದ್ರವವು ಸಣ್ಣ ಕೊಳವೆಗಳಲ್ಲಿ ಹರಿದು ನಾಲ್ಕು ಚಕ್ರಗಳನ್ನೂ ಹಿಡಿಯುತ್ತದೆ. ನಾಲ್ಕಕ್ಕೂ ಸೇರಿ ಮೂಲ ಒಂದೇ. ಯಾವುದೋ ಒಂದು ಚಕ್ರದ ಬಳಿ ಒಂದು ಕೊಳವೆ ಒಡೆದರೆ ದ್ರವವೆಲ್ಲ ಅಲ್ಲಿ ಸೋರಿ, ನಾಲ್ಕು ಚಕ್ರದ ಬ್ರೇಕೂ ಒಟ್ಟಿಗೆ ಇಲ್ಲವಾಗುತ್ತದೆ. ಮುಂದಕ್ಕೂ ಹಿಂದಕ್ಕೂ ಪ್ರತ್ಯೇಕವಾದ ಎರಡು ಮನೆಗಳುಳ್ಳ ಮಾಸ್ಟರ್ ಸಿಲಿಂಡರು ಅಮೆರಿಕದ ವಾಹನಗಳಲ್ಲಿ ಸಾಮಾನ್ಯವಾದದ್ದು 1967ರ ಮಾದರಿಗಳಿಂದ. ಅದಕ್ಕೆ ಹಿಂದಿನ ಟ್ರಕ್ಕನ್ನು ಮನೆಗೆ ತಂದವರು ಮೊದಲು ಖರ್ಚು ಮಾಡಬೇಕಾದ ಹಣ ಈ ಬದಲಾವಣೆಗೆ ಎಂಬುದು ನನ್ನ ಖಚಿತ ಅಭಿಪ್ರಾಯ. ಮೂಲರೂಪ ಕೆಡುತ್ತದೆ ಎಂದು ಗೊಣಗುವ ಶುದ್ಧವಾದಿಗಳಿದ್ದಾರೆ. ಷೆವರ್ಲೆಯಲ್ಲಿ ಆ ಸಿಲಿಂಡರು ಇರುವುದು ಚಾಲಕನ ಪಾದದ ಹಲಗೆಯ ಕೆಳಗೆ. ಪ್ರದರ್ಶನದಲ್ಲಿ ಯಾರೂ ಅದನ್ನು ಬಗ್ಗಿ ನೋಡುವುದಿಲ್ಲ.

ಬ್ರೇಕಿನ ದ್ರವದ್ದು ಇನ್ನೊಂದು ವಿಚಿತ್ರ ಗುಣ. ಉಪ್ಪಿನ ಹರಳಿನಂತೆ ಅದು ಗಾಳಿಯಲ್ಲಿರುವ ತೇವವನ್ನು ಹೀರಿಕೊಳ್ಳುತ್ತದೆ. ವರ್ಷಗಟ್ಟಲೆ ಬದಲಾಯಿಸದಿದ್ದರೆ ಆ ನೀರು ಸಿಲಿಂಡರುಗಳ ಒಳಗೋಡೆಗೆ ತುಕ್ಕು ಹಿಡಿಸುತ್ತದೆ; ಇಳಿಜಾರಿನಲ್ಲಿ ಬ್ರೇಕು ಕಾದಾಗ ಅದೇ ನೀರು ಕುದಿದು ಆವಿಯಾಗುತ್ತದೆ. ದ್ರವವನ್ನು ಅದುಮಿದರೆ ಚಕ್ರ ಹಿಡಿಯುತ್ತದೆ. ಆವಿಯನ್ನು ಅದುಮಿದರೆ ಕಾಲು ನೆಲ ಮುಟ್ಟುತ್ತದೆ, ಅಷ್ಟೆ. ಚಕ್ರದ ಬಳಿಯ ರಬ್ಬರ್ ಕೊಳವೆಯಂತೂ ಮೋಸಗಾರ. ಹೊರಗೆ ನೋಡಲು ಚೆನ್ನಾಗಿರುತ್ತದೆ, ಒಳಗೆ ಊದಿಕೊಂಡಿರುತ್ತದೆ. ಬಲವಾಗಿ ಒತ್ತಿದಾಗ ದ್ರವ ಹೋಗುತ್ತದೆ, ಹಿಂದಕ್ಕೆ ಬರಲಾರದು. ಆ ಒಂದು ಚಕ್ರ ಬಿಡದೆ ಹಿಡಿದುಕೊಂಡು ಗಾಡಿ ಪಕ್ಕಕ್ಕೆ ಎಳೆಯುತ್ತದೆ. ಎಂತಹ ಬಿಗಿಮುಷ್ಟಿಯವರೂ ಈ ಕೊಳವೆಗಳಲ್ಲಿ ಮಾತ್ರ ಉಳಿತಾಯ ಮಾಡಲಾಗದು.

ಡ್ರಮ್ಮನ್ನು ಬಿಚ್ಚಿದಾಗ ಒಳಗೆ ತುಂಬಿರುವ ಕಪ್ಪು ಧೂಳನ್ನು ಊದಿ ಹಾರಿಸುವ ಅಭ್ಯಾಸ ಎಲ್ಲ ದೇಶದ ಮೆಕ್ಯಾನಿಕ್ಕುಗಳಿಗೂ ಉಂಟು. ಹಳೆಯ ಬ್ರೇಕಿನ ಲೈನಿಂಗುಗಳಲ್ಲಿ ಕಲ್ನಾರು ಇರುತ್ತಿತ್ತು. ಶ್ವಾಸಕೋಶಕ್ಕೆ ಸೇರಿದ ಅದರ ಎಳೆಗಳು ದಶಕಗಳ ನಂತರ ಕ್ಯಾನ್ಸರ್ ತರಬಲ್ಲವು. ಆದುದರಿಂದ ಒದ್ದೆ ಬಟ್ಟೆಯಿಂದ ಒರೆಸಿ ತೆಗೆಯಬೇಕೇ ಹೊರತು ಊದಬಾರದು, ಗುಡಿಸಬಾರದು. ಆ ಹೊತ್ತಿನಲ್ಲಿ ಮಕ್ಕಳು ಷೆಡ್ಡಿನಲ್ಲಿ ಇರಕೂಡದು.

ಗಾಡಿಯ ಅಡಿಯಲ್ಲಿ ಮಲಗುವ ವಿಷಯದಲ್ಲಿ ಎರಡು ಮಾತು. ಜಾಕಿ ಇರುವುದು ಗಾಡಿಯನ್ನು ಎತ್ತುವುದಕ್ಕೆ, ಹೊತ್ತು ನಿಲ್ಲುವುದಕ್ಕಲ್ಲ. ಎತ್ತಿದ ಮೇಲೆ ಚಾಸಿಯ ಕೆಳಗೆ ಉಕ್ಕಿನ ಮುಕ್ಕಾಲಿಗಳನ್ನು ಕೊಟ್ಟು, ನೆಲದ ಮೇಲಿರುವ ಚಕ್ರಗಳಿಗೆ ಮುಂದೆಯೂ ಹಿಂದೆಯೂ ಅಡ್ಡಮರ ಇಟ್ಟ ಹೊರತು ತಲೆಯನ್ನು ಒಳಕ್ಕೆ ತೂರಿಸಬಾರದು. ಕೈಬ್ರೇಕು ಹಾಕಿದೆಯಲ್ಲ ಎಂಬ ಧೈರ್ಯವೂ ಬೇಡ. ಅದು ಹಿಡಿಯುವುದು ಹಿಂದಿನ ಚಕ್ರಗಳನ್ನು. ಹಿಂಭಾಗವನ್ನೇ ಎತ್ತಿ ನಿಲ್ಲಿಸಿದಾಗ ಕೈಬ್ರೇಕು ಗಾಳಿಯನ್ನು ಹಿಡಿದುಕೊಂಡಿರುತ್ತದೆ!

ಕಿಡಿ, ತಂತಿ, ಪೆಟ್ರೋಲು

ಅಂಬಾಸಡರ್ ಕಾರನ್ನು ಸಾಕಿದ ಮನೆಗಳಿಗೆ ‘ಪಾಯಿಂಟು’ ಎಂಬ ಮಾತು ಪರಿಚಿತವೇ. ಡಿಸ್ಟ್ರಿಬ್ಯೂಟರಿನ ಮುಚ್ಚಳದೊಳಗೆ ಎರಡು ಪುಟ್ಟ ಲೋಹದ ತುದಿಗಳು ಕೂಡುತ್ತ ಅಗಲುತ್ತ ಪ್ರತಿ ಸಿಲಿಂಡರಿನ ಕಿಡಿಗೂ ಹೊತ್ತು ಗೊತ್ತುಮಾಡುತ್ತವೆ. ಅವುಗಳ ನಡುವಿನ ಬಿಡುವು ಅಂಗುಲದ ಸಾವಿರ ಪಾಲಿನಲ್ಲಿ 16ರಿಂದ 19 ಪಾಲು ಇರಬೇಕು. ಕಪ್ಪಾದರೆ ಉಜ್ಜಿ, ಗುಳಿ ಬಿದ್ದರೆ ಬದಲಾಯಿಸಿ, ಫೀಲರ್ ಗೇಜಿನ ಅಲಗನ್ನು ನಡುವೆ ಸರಿಸಿ ಸ್ಕ್ರೂ ಬಿಗಿದರೆ ಮುಗಿಯಿತು. ಆಮೇಲೆ ತಂತಿಗಳನ್ನು 1-5-3-6-2-4 ಎಂಬ ಸರದಿಯಲ್ಲಿ ಸಿಕ್ಕಿಸಬೇಕು. ಹತ್ತು ವರ್ಷದ ಹುಡುಗಿಯೂ ಒಂದು ಮಧ್ಯಾಹ್ನದಲ್ಲಿ ಇದನ್ನು ಕಲಿಯಬಲ್ಲಳು.

ತೊಡಕಿರುವುದು ಬ್ಯಾಟರಿಯಲ್ಲಿ. ಷೆವರ್ಲೆ ಟ್ರಕ್ಕುಗಳು 1955ರ ನಡುವೆ, ಫೋರ್ಡ್ ಟ್ರಕ್ಕುಗಳು 1956ರ ಮಾದರಿಯಲ್ಲಿ 12 ವೋಲ್ಟಿಗೆ ಬದಲಾದವು. ಅದಕ್ಕೆ ಹಿಂದಿನವೆಲ್ಲ 6 ವೋಲ್ಟಿನವು. ವೋಲ್ಟು ಅರ್ಧವಾದರೆ ಅದೇ ಕೆಲಸಕ್ಕೆ ಇಮ್ಮಡಿ ಪ್ರವಾಹ ಬೇಕು, ಆ ಪ್ರವಾಹಕ್ಕೆ ದಪ್ಪ ತಂತಿ ಬೇಕು. ಅಂಗಡಿಯಲ್ಲಿ ಈಗ ಸಿಗುವ ತೆಳುವಾದ ಬ್ಯಾಟರಿ ಕೇಬಲನ್ನು ಹಾಕಿದರೆ ಬೆಳಗಿನ ಚಳಿಯಲ್ಲಿ ಸ್ಟಾರ್ಟರು ನರಳುತ್ತದೆಯೇ ಹೊರತು ತಿರುಗುವುದಿಲ್ಲ. ಆರು ವೋಲ್ಟಿನ ಗಾಡಿ ಕೆಟ್ಟದ್ದು ಎಂಬ ಅಪವಾದ ಹುಟ್ಟಿದ್ದು ಬಹುಮಟ್ಟಿಗೆ ಹೀಗೆ. ದಪ್ಪ ಕೇಬಲು ಹಾಕಿ, ಕೊನೆಗಳನ್ನು ಬೆಳ್ಳಗೆ ಉಜ್ಜಿ ಬಿಗಿದರೆ ಅದೇ ಸ್ಟಾರ್ಟರು ಎದ್ದು ಕೂಗುತ್ತದೆ. ಫೋರ್ಡಿನಲ್ಲಿ ಇನ್ನೊಂದು ಎಚ್ಚರ: ಅದರ ಆರು ವೋಲ್ಟಿನ ಗಾಡಿಗಳಲ್ಲಿ ಬ್ಯಾಟರಿಯ ಧನ ತುದಿಯೇ ಚಾಸಿಗೆ ಸೇರಿರುತ್ತದೆ, ನಾವು ಕಂಡ ರೂಢಿಗೆ ತಿರುಗುಮುರುಗಾಗಿ.

ಪೆಟ್ರೋಲಿನ ಟ್ಯಾಂಕು ಎಲ್ಲಿದೆ ಎಂದು ಕೇಳಿದರೆ ಇಂದಿನವರು ಬೆಚ್ಚುತ್ತಾರೆ. ಷೆವರ್ಲೆ ಟ್ರಕ್ಕುಗಳಲ್ಲಿ 1949ರಿಂದ 1972ರವರೆಗೆ ಅದು ಇದ್ದದ್ದು ಗೂಡಿನ ಒಳಗೆ, ಸೀಟಿನ ಬೆನ್ನಿಗೆ ಆನಿಕೊಂಡು. ಬೆನ್ನ ಹಿಂದೆ ಹತ್ತಾರು ಲೀಟರು ಪೆಟ್ರೋಲು, ಬಾಯಲ್ಲಿ ಸಿಗರೇಟು: ಆ ಕಾಲದ ರೈತರ ಗುಂಡಿಗೆಯೇ ಗುಂಡಿಗೆ! ಹಳೆಯ ಗಾಡಿಗಳಲ್ಲಿ ಪೆಟ್ರೋಲಿನ ವಾಸನೆ ಇದ್ದದ್ದೇ ಎಂದು ಮೂಗು ಮುಚ್ಚಿಕೊಂಡು ಓಡಿಸುವುದು ಅವಿವೇಕ. ವಾಸನೆಗೆ ಸಾಮಾನ್ಯವಾಗಿ ಕಾರಣ ಟ್ಯಾಂಕಿಗೂ ಹೊರಗಿನ ಮುಚ್ಚಳಕ್ಕೂ ನಡುವೆ ಇರುವ ಗೇಣುದ್ದದ ರಬ್ಬರ್ ಕೊಳವೆಯಲ್ಲಿ ಬಿಟ್ಟ ಬಿರುಕು. ಇಂದಿನ ಅಮೆರಿಕದ ಪೆಟ್ರೋಲಿನಲ್ಲಿ ಸಾಮಾನ್ಯವಾಗಿ ಶೇಕಡ 10ರಷ್ಟು ಎಥನಾಲು ಬೆರೆತಿರುವುದರಿಂದ ಹಳೆಯ ರಬ್ಬರು ಇನ್ನೂ ಬೇಗ ಮೆತ್ತಗಾಗಿ ಬಿರಿಯುತ್ತದೆ. ಕೊಳವೆ, ಪಂಪಿನ ಪೊರೆ, ಕಾರ್ಬ್ಯುರೇಟರಿನ ವಾಷರುಗಳು, ಎಲ್ಲವನ್ನೂ ಎಥನಾಲನ್ನು ತಡೆಯುವ ಹೊಸ ರಬ್ಬರಿಗೆ ಬದಲಾಯಿಸಬೇಕು. ನಮ್ಮ ದೇಶದ ಪೆಟ್ರೋಲಿನಲ್ಲಿ ಎಥನಾಲಿನ ಪಾಲು 2025ರಲ್ಲಿ ಶೇಕಡ 20ಕ್ಕೆ ಮುಟ್ಟಿದೆ. ಅಪ್ಪನ ಕಾಲದ ಸ್ಕೂಟರನ್ನು ಇನ್ನೂ ಇಟ್ಟುಕೊಂಡಿರುವ ವಾಚಕರು ಅದರ ಕೊಳವೆಯನ್ನೂ ಒಮ್ಮೆ ಮುಟ್ಟಿ ನೋಡುವುದು ಒಳ್ಳೆಯದು.

ಚಳಿಗಾಲದಲ್ಲಿ ಷೆಡ್ಡಿನ ಬಾಗಿಲು ಮುಚ್ಚಿಕೊಂಡು ಇಂಜಿನ್ನು ಓಡಿಸಿ ನೋಡುವುದು ಎಲ್ಲಕ್ಕಿಂತ ಅಪಾಯಕರ. ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಷೆಡ್ಡಿಗೆ ಹೊಂದಿಕೊಂಡ ಮಲಗುವ ಕೋಣೆಗೂ ಅದು ನುಗ್ಗಬಲ್ಲದು.

ಉಪ್ಪು ತಿಂದ ಉಕ್ಕು

ಇಂಜಿನ್ನಿನ ಮುಪ್ಪಿಗೆ ಮದ್ದಿದೆ. ತುಕ್ಕಿನದು ಹಟಮಾರಿ ರೋಗ. ಅಮೆರಿಕದ ಉತ್ತರದ ರಾಜ್ಯಗಳಲ್ಲಿ ಚಳಿಗಾಲದಲ್ಲಿ ಹಿಮ ಕರಗಲೆಂದು ರಸ್ತೆಗೆ ಉಪ್ಪು ಸುರಿಯುತ್ತಾರೆ. ಉಪ್ಪು ತಿಂದವನು ನೀರು ಕುಡಿಯಲೇಬೇಕು ಎಂಬ ಗಾದೆ ಇಲ್ಲಿ ಅಕ್ಷರಶಃ ನಿಜ. ಗೂಡಿನ ಹಿಂಬದಿಯ ಮೂಲೆಗಳು, ಬಾಗಿಲ ಕೆಳಗಿನ ಮೆಟ್ಟಿಲು, ಪಾದದ ಹಲಗೆ, ಅದರ ಅಡಿಯಲ್ಲಿರುವ ಬ್ಯಾಟರಿಯ ಗೂಡು, ಇವು ಮೊದಲು ಬಲಿಯಾಗುತ್ತವೆ. ಅರಿಜೋನ, ನ್ಯೂ ಮೆಕ್ಸಿಕೊಗಳ ಒಣ ಬಯಲಿನಲ್ಲಿ ದಶಕಗಳಿಂದ ನಿಂತ ಗಾಡಿಗಳು ಬಣ್ಣ ಸುಟ್ಟಿದ್ದರೂ ಉಕ್ಕು ಗಟ್ಟಿಯಾಗಿ ಉಳಿದಿರುತ್ತವೆ. ಅದಕ್ಕಾಗಿಯೇ ಬಲ್ಲವರು ಸಾವಿರಾರು ಮೈಲಿ ಹೋಗಿ ಅಲ್ಲಿಂದ ಗಾಡಿ ತರುತ್ತಾರೆ. ಕೊಳ್ಳುವವರ ಜೇಬಿನಲ್ಲಿ ಒಂದು ಸಣ್ಣ ಅಯಸ್ಕಾಂತ ಇರುತ್ತದೆ. ಹೊಳೆಯುವ ಬಣ್ಣದ ಮೇಲೆ ಅದನ್ನು ಇಟ್ಟುನೋಡಿ, ಎಲ್ಲಿ ಅದು ಹಿಡಿಯದೆ ಜಾರುತ್ತದೆಯೋ ಅಲ್ಲಿ ಉಕ್ಕಿಲ್ಲ, ಬರಿಯ ಪುಟ್ಟಿ ಮೆತ್ತಿದೆ ಎಂದು ತಿಳಿಯುತ್ತಾರೆ.

ತುಕ್ಕನ್ನು ಮುಚ್ಚಿದರೆ ಅದು ಸಾಯುವುದಿಲ್ಲ. ಗಟ್ಟಿ ಉಕ್ಕು ಸಿಗುವವರೆಗೆ ಕತ್ತರಿಸಿ ತೆಗೆದು ಹೊಸ ತಗಡನ್ನು ಬೆಸೆಯಬೇಕು. ಈ ಜನಪ್ರಿಯ ಮಾದರಿಗಳಿಗೆ ಹೊಸದಾಗಿ ಒತ್ತಿದ ಮೂಲೆಗಳು, ಮಡ್ಗಾರ್ಡುಗಳು, ಕಿಟಕಿಯ ರಬ್ಬರುಗಳು, ತೊಟ್ಟಿಗೆ ಹಾಸುವ ಮರದ ಹಲಗೆಗಳು ಕೂಡ ಇಂದಿಗೂ ಅಂಚೆಯ ಮೂಲಕ ದೊರೆಯುತ್ತವೆ. ಕಂಪನಿಯವರು ಆಗ ಮೆಕ್ಯಾನಿಕ್ಕುಗಳಿಗೆಂದು ಅಚ್ಚು ಹಾಕಿಸಿದ ಕೈಪಿಡಿಗಳ ಮರುಮುದ್ರಣಗಳೂ ಸಿಗುತ್ತವೆ. ಯಾವ ಬೋಲ್ಟನ್ನು ಎಷ್ಟು ಬಿಗಿಯಬೇಕು ಎಂಬುದರವರೆಗೆ ಎಲ್ಲವೂ ಅದರಲ್ಲಿದೆ.

ಹವ್ಯಾಸ ಯಾರಿಗೆ, ಅಗತ್ಯ ಯಾರಿಗೆ?

ಇದರಿಂದ ಹಣ ಉಳಿಯುತ್ತದೆಯೇ? ಪ್ರದರ್ಶನಕ್ಕೆಂದು ಗಾಡಿಯನ್ನು ಮದುವಣಗಿತ್ತಿಯಂತೆ ಸಿಂಗರಿಸುವವರಿಗೆ ಖಂಡಿತ ಇಲ್ಲ. ಹಾಕಿದ ಹಣ ಮಾರಾಟದಲ್ಲಿ ಹಿಂದಕ್ಕೆ ಬರುವುದು ಅಪರೂಪ.

ಆದರೆ ಅಂಗಳದಲ್ಲಿ ಬೆನ್ನು ನೆಲಕ್ಕೆ ಹಚ್ಚಿ ದುಡಿಯುವವರೆಲ್ಲ ಹವ್ಯಾಸಿಗಳಲ್ಲ. ಹೊಸ ಪೂರ್ಣಗಾತ್ರದ ಪಿಕಪ್ಪಿನ ಬೆಲೆ ಹಲವು ಮಾದರಿಗಳಲ್ಲಿ 50 ಸಾವಿರ ಡಾಲರನ್ನು ಮೀರಿದೆ. ಹುಲ್ಲು ಕತ್ತರಿಸುವ, ಮಾಡು ಹೊದಿಸುವ, ಬೇಲಿ ಹಾಕುವ ಕೆಲಸದಿಂದ ಸಂಸಾರ ಸಾಗಿಸುವವನಿಗೆ ಅಷ್ಟು ಸಾಲ ಹೊರಲು ಆಗದು. ಅವನ ಬಳಿ ಇರುವುದು ಮೂವತ್ತು ನಲವತ್ತು ವರ್ಷ ಹಳೆಯ ಗಾಡಿ. ಅದು ಭಾನುವಾರ ರಾತ್ರಿಯೊಳಗೆ ಎದ್ದು ಓಡದಿದ್ದರೆ ಸೋಮವಾರದ ಕೂಲಿ ಇಲ್ಲ. ಅಂತಹವನಿಗೆ ಸಿಲಿಂಡರಿನ ವಾಷರನ್ನು ತಾನೇ ಬದಲಾಯಿಸಲು ಬರುವುದು ಬರದಿರುವುದು ಮಕ್ಕಳ ಊಟದ ಪ್ರಶ್ನೆ. ಇಷ್ಟಾದರೂ ಮನೆಯ ಮುಂದೆ ವಾಹನ ರಿಪೇರಿ ಮಾಡಕೂಡದು ಎಂಬ ಕಟ್ಟುಪಾಡುಗಳು ಆ ದೇಶದ ಕೆಲವು ಊರುಗಳಲ್ಲೂ ಬಡಾವಣೆಗಳ ಸಂಘಗಳಲ್ಲೂ ಇವೆ. ಬಡಾವಣೆಯ ಅಂದ ಕೆಡುತ್ತದೆ ಎಂಬ ಕಾರಣ ನನಗೆ ಹಿಡಿಸುವುದಿಲ್ಲ. ಎಣ್ಣೆಯ ವಿಷಯದಲ್ಲಿ ಮಾತ್ರ ನೆರೆಯವರ ಆತಂಕ ನ್ಯಾಯವಾದದ್ದು: ಒಂದು ಸಲ ಬದಲಾಯಿಸಿದ ಇಂಜಿನ್ ಎಣ್ಣೆಯನ್ನು ಮೋರಿಗೆ ಚೆಲ್ಲಿದರೆ ಹತ್ತು ಲಕ್ಷ ಗ್ಯಾಲನ್ ಸಿಹಿನೀರು ಕೆಡಬಹುದೆಂದು ಅಲ್ಲಿನ ಪರಿಸರ ಸಂರಕ್ಷಣಾ ಇಲಾಖೆ ಎಚ್ಚರಿಸುತ್ತದೆ. ರೇಡಿಯೇಟರಿನಿಂದ ಇಳಿಸಿದ ಹಸಿರು ದ್ರವಕ್ಕೆ ಸಿಹಿ ರುಚಿ. ನೆಕ್ಕಿದ ನಾಯಿಗಳು ಸಾಯುತ್ತವೆ. ಎರಡನ್ನೂ ಡಬ್ಬದಲ್ಲಿ ತುಂಬಿ ಸಂಗ್ರಹಿಸುವವರಿಗೆ ಒಪ್ಪಿಸಬೇಕು.

ಹೊಸ ಗಾಡಿಗಳಲ್ಲಿ ಇನ್ನೊಂದು ಬಗೆಯ ಬೀಗ ಬಿದ್ದಿದೆ. ದೋಷ ಎಲ್ಲಿದೆ ಎಂಬುದನ್ನು ಗಾಡಿಯೊಳಗಿನ ಕಂಪ್ಯೂಟರು ಬಲ್ಲದು, ಅದರ ಭಾಷೆಯನ್ನು ಕಂಪನಿ ಬಲ್ಲದು, ಒಡೆಯನಿಗೆ ಹೇಳುವವರಿಲ್ಲ. ಮ್ಯಾಸಚೂಸೆಟ್ಸ್ ರಾಜ್ಯದ ಮತದಾರರು 2012ರ ನವೆಂಬರಿನಲ್ಲಿ ಈ ಮಾಹಿತಿ ಒಡೆಯರಿಗೂ ಹೊರಗಿನ ಮೆಕ್ಯಾನಿಕ್ಕುಗಳಿಗೂ ಸಿಗಬೇಕೆಂದು ಭಾರಿ ಬಹುಮತದಿಂದ ತೀರ್ಮಾನಿಸಿದರು. ಗಾಡಿಯು ನಿಸ್ತಂತುವಾಗಿ ಕಂಪನಿಗೆ ಕಳಿಸುವ ಮಾಹಿತಿಯ ಬಗೆಗೂ 2020ರಲ್ಲಿ ಮತ್ತೊಮ್ಮೆ ಮತ ನೀಡಿದರು. ಮುದಿ ಟ್ರಕ್ಕಿನ ಒಡೆಯನಿಗೆ ಇಂತಹ ಶಾಸನ ಬೇಕಾಗಿಲ್ಲ. ಅವನ ಗಾಡಿ ಬಡಿತ, ವಾಸನೆ, ಹೊಗೆಯ ಬಣ್ಣಗಳ ಮೂಲಕ ನೇರವಾಗಿ ಅವನೊಡನೆಯೇ ಮಾತನಾಡುತ್ತದೆ.

ತುಂಟತನವೂ ಅದಕ್ಕೆ ಕಡಿಮೆಯಿಲ್ಲ. ಸ್ಟಿಯರಿಂಗಿನ ಕಂಬಕ್ಕೇ ಹೊಂದಿಸಿದ ಮೂರು ಗೇರಿನ ಹಿಡಿ, ನಮ್ಮ ಹಳೆಯ ಅಂಬಾಸಡರಿನ ‘ಹ್ಯಾಂಡ್ ಗೇರು’, ಅದರ ಕೀಲುಗಳು ಸವೆದಾಗ ನಡುರಸ್ತೆಯಲ್ಲಿ ಎರಡು ಗೇರಿನ ನಡುವೆ ಸಿಕ್ಕಿಕೊಂಡು ನಿಲ್ಲುತ್ತದೆ. ಚಾಲಕ ಗಾಬರಿಯಾಗದೆ ಕೆಳಗಿಳಿದು, ಬಾನೆಟ್ಟು ಎತ್ತಿ, ಕಂಬದ ಬುಡದಲ್ಲಿರುವ ಎರಡು ಸನ್ನೆಗಳನ್ನು ಕೈಯಿಂದ ಒಂದೇ ಮಟ್ಟಕ್ಕೆ ಸರಿಸಿ, ಹಿಂದೆ ಕೂಗುತ್ತಿರುವ ಗಾಡಿಗಳಿಗೆ ಒಂದು ನಮಸ್ಕಾರ ಹಾಕಿ ಹೊರಡುತ್ತಾನೆ.

ರಿಪೇರಿ ಮುಗಿದ ಗಾಡಿಯನ್ನು ಮೊದಲ ಬಾರಿಗೆ ಹೊರಗೆ ತರುವ ದಿನ ಮಕ್ಕಳೆಲ್ಲ ಹಿಂದಿನ ತೊಟ್ಟಿಯನ್ನು ಹತ್ತಲು ಹಾತೊರೆಯುತ್ತಾರೆ. ಹತ್ತಿಸಬಾರದು. ಒಬ್ಬರೇ ಕುಳಿತು, ಮನೆಯ ಮುಂದಿನ ದಾರಿಯಲ್ಲೇ ನಡಿಗೆಯ ವೇಗದಲ್ಲಿ ಹೋಗಿ ಮೂರು ಸಲ ಬ್ರೇಕು ಒತ್ತಿ ನಿಲ್ಲಿಸಬೇಕು. ಹಿಂದಿರುಗಿ ಬಂದು ನಾಲ್ಕು ಚಕ್ರಗಳ ಒಳಮೈಯನ್ನೂ ದೀಪ ಹಿಡಿದು ನೋಡಬೇಕು. ಎಲ್ಲಿಯೂ ಒದ್ದೆ ಇಲ್ಲದಿದ್ದರೆ ಮತ್ತೊಂದು ಸುತ್ತು ಸ್ವಲ್ಪ ದೂರಕ್ಕೆ. ಐವತ್ತು ಮೈಲಿ ಓಡಿದ ಮೇಲೆ ಚಕ್ರದ ನಟ್ಟುಗಳನ್ನು ಇನ್ನೊಮ್ಮೆ ಬಿಗಿದು ನೋಡಬೇಕು. ಹೊಸದಾಗಿ ಕಟ್ಟಿದ ಚಕ್ರದಲ್ಲಿ ಅವು ಸಡಿಲಗೊಂಡಿರುವುದುಂಟು.